ಮಲಗಿದವರ ಲೆಕ್ಕ

ನಮ್ಮ ನಡುಮನೆಯ ಕಿಟಕಿಯ ಕೆಳಗೆ ಒಂದು ನವಾರಿನ ಮಂಚವಿದೆ. ಕಬ್ಬಿಣದ ಚೌಕಟ್ಟು, ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ಹೆಣೆದ ನೀಲಿ ಬಿಳಿ ಪಟ್ಟಿ, ನಡುವೆ ಒಂದು ತಗ್ಗು. ಆ ತಗ್ಗು ಅಪ್ಪನದು. ವರ್ಷಗಟ್ಟಲೆ ಒಬ್ಬರೇ ಮಲಗಿದ ಜಾಗ ಅವರ ಮೈಯ ಅಳತೆಯನ್ನು ಕಲಿತುಬಿಡುತ್ತದೆ ಎಂಬುದನ್ನು ನೀವೂ ನಿಮ್ಮ ಮನೆಯಲ್ಲಿ ಕಂಡಿರಬಹುದು. ಕಣ್ಣು ಮುಚ್ಚಿ ಕೈಯಾಡಿಸಿದರೂ ಇದು ಯಾರ ಮಂಚ ಎಂದು ಹೇಳಬಹುದು. ರಾತ್ರಿ ಅದು ಅಪ್ಪನದು, ಉಳಿದವರೆಲ್ಲ ಚಾಪೆಯವರು. ಹಗಲಲ್ಲಿ ಮಾತ್ರ ಅದು ಹುಷಾರಿಲ್ಲದವರದು. ಹೊತ್ತು ನೆತ್ತಿಗೆ ಬಂದಮೇಲೂ ಅದರ ಮೇಲೆ ಯಾರಾದರೂ ಮಲಗಿದ್ದರೆ, ಯಲ್ದೂರಿನ ನಮ್ಮ ಬೀದಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ "ಏನಾಯ್ತು?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ.

ಎಂಟನೇ ತರಗತಿಯಲ್ಲಿ ಮೇಷ್ಟ್ರು ದಿನಚರಿ ಬರೆಯಿರಿ ಎಂದಾಗ ಬರೆಯಲು ನನ್ನ ಬದುಕಿನಲ್ಲಿ ಏನೂ ನಡೆಯುತ್ತಿರಲಿಲ್ಲವಾದ್ದರಿಂದ, ಎದುರಿಗೇ ಇದ್ದ ಮಂಚದ ಮೇಲೆ ಯಾರು ಮಲಗಿದರು ಎಂಬುದನ್ನೇ ಬರೆಯತೊಡಗಿದೆ. ಮೂರು ಕಾಲಂ ಎಳೆದೆ: ದಿನ, ಯಾರು, ಯಾಕೆ. ತಾತನ ದಮ್ಮು, ಅಪ್ಪನ ಸೊಂಟ, ನನ್ನ ಜ್ವರ. ಮೇಷ್ಟ್ರು ಮರೆತರೂ ನಾನು ಬಿಡಲಿಲ್ಲ. ಈಗ ಶ್ರೀನಿವಾಸಪುರದ ಒಂದು ಶಾಲೆಯ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವ ಕೆಲಸ ಸಿಕ್ಕಿರುವುದು ನನಗೇನೂ ಆಶ್ಚರ್ಯವಲ್ಲ. ಪ್ರತಿ ವರ್ಷದ ಕೊನೆಗೆ ಕೂಡುತ್ತಿದ್ದೆ. ಅಪ್ಪನ ಹೆಸರಿನ ಮುಂದೆ ಹೆಚ್ಚೆಂದರೆ ಹನ್ನೊಂದು ದಿನ, ಕಡಿಮೆಯೆಂದರೆ ನಾಲ್ಕು. ಅಮ್ಮನ ಹೆಸರಿನ ಮುಂದೆ ಸೊನ್ನೆ. ಒಂಬತ್ತು ವರ್ಷ, ಒಂಬತ್ತು ಸೊನ್ನೆ. ಆ ಸೊನ್ನೆಗಳ ಸುತ್ತ ಕೆಂಪು ಇಂಕಿನಲ್ಲಿ ದಳ ಬರೆದು ಹೂವು ಮಾಡುತ್ತಿದ್ದೆ. ಅಷ್ಟು ಹೆಮ್ಮೆ ನನಗೆ.

ಕಳೆದ ಮಾವಿನ ಸುಗ್ಗಿಯಲ್ಲಿ, ಹಣ್ಣಿನ ಮಂಡಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಾಯಿ ವಿಂಗಡಿಸುತ್ತಿದ್ದ ಅಮ್ಮ ಎದ್ದು ನಿಂತವಳೇ ಕ್ರೇಟುಗಳ ಪಕ್ಕ ತಲೆ ತಿರುಗಿ ಬಿದ್ದಳು. ಜೊತೆಯ ಹೆಂಗಸರು ಆಟೋಗೆ ಹಾಕಿ ನನಗೆ ಫೋನ್ ಮಾಡಿದರು. ಕೋಲಾರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೇ ಇದೆ ಎಂದು ಹೇಳಿ, "ಎಷ್ಟು ದಿನದಿಂದ ಹೀಗೆ ಮುಟ್ಟು ನಿಲ್ಲದೆ ಹೋಗ್ತಿದೆ?" ಎಂದು ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ. "ನಮ್ಮಮ್ಮಂಗೆ ಏನೂ ಕಾಯಿಲೆ ಇಲ್ಲ ಡಾಕ್ಟರೇ. ಒಂಬತ್ತು ವರ್ಷದಲ್ಲಿ ಒಂದು ದಿನಾನೂ ಮಲಗಿಲ್ಲ. ಬರೆದಿಟ್ಟಿದ್ದೀನಿ."

ಅವರು ನನ್ನನ್ನು ಒಂದು ಕ್ಷಣ ನೋಡಿ, ಅದೇ ಪ್ರಶ್ನೆಯನ್ನು ಅಮ್ಮನಿಗೆ ಕೇಳಿದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಎರಡು ಮಾವಿನ ಸುಗ್ಗಿ ಆಯ್ತು," ಎಂದಳು.

"ಯಾಕಮ್ಮ ಹೇಳಲಿಲ್ಲ?" ಎಂದೆ ನಾನು.

"ಹೇಳಿದ್ರೆ ಮಲಗು ಅಂತಿದ್ರಿ. ಮಲಗಿದ್ರೆ ಹಸ ಹಿಂಡೋರ್ಯಾರು?"

ಗೆಳೆಯರೇ, ಲೆಕ್ಕ ಇಡುವವಳಿಗೆ ಕೂಡುವುದು ತಪ್ಪಿದರೆ ಅಷ್ಟು ನಾಚಿಕೆಯಾಗುವುದಿಲ್ಲ. ಎಣಿಸಿದ ವಸ್ತುವೇ ತಪ್ಪು ಎಂದು ತಿಳಿದಾಗ ಆಗುವ ನಾಚಿಕೆ ಬೇರೆ. ಮಲಗಿದವರೇ ಕಾಯಿಲೆಯವರು ಎಂದುಕೊಂಡ ನನ್ನ ಪುಸ್ತಕದಲ್ಲಿ ನಿಂತೇ ನೋಯುವವರಿಗೆ ಕಾಲಂ ಇರಲಿಲ್ಲ. ಅಪ್ಪನ ನೋವಿಗೆ ಹೆಸರಿತ್ತು: ಸೊಂಟ ಹಿಡಿದಿದೆ. ಹೆಸರಿದ್ದದ್ದರಿಂದ ಎಣ್ಣೆ ಇತ್ತು, ಬಿಸಿನೀರಿತ್ತು, ಮಂಚವಿತ್ತು. ಅಮ್ಮನ ನೋವು "ಸುಸ್ತು" ಆಗಿತ್ತು, "ಉಷ್ಣ" ಆಗಿತ್ತು. ಉಷ್ಣಕ್ಕೆ ಒಂದು ಲೋಟ ಮಜ್ಜಿಗೆ ಕುಡಿದು ಮುಂದಿನ ಕೆಲಸಕ್ಕೆ ಏಳಬೇಕು, ಅಷ್ಟೇ. ಆ ಮಜ್ಜಿಗೆಯನ್ನು ಕಡೆಯುವವಳೂ ಅವಳೇ. ನಮ್ಮ ಶಾಲೆಯ ನಾಲ್ವರು ಟೀಚರುಗಳನ್ನು, ಹುಷಾರಿಲ್ಲದೆಯೂ ಮಲಗದ ದಿನ ಯಾವುದಾದರೂ ನೆನಪಿದೆಯೇ ಎಂದು ಕೇಳಿದೆ. ನಾಲ್ವರೂ ಒಟ್ಟಿಗೆ ನಕ್ಕರು. "ಇವತ್ತಿಂದ ಹಿಂದಕ್ಕೆ ಶುರು ಮಾಡ್ಲಾ?" ಎಂದರು ಅವರಲ್ಲೊಬ್ಬರು.

ಅಪ್ಪ ಕೆಟ್ಟವನಲ್ಲ. ಟೊಮೆಟೊ ಕ್ರೇಟುಗಳನ್ನು ಟೆಂಪೋಗೆ ಏರಿಸಿ ಇಳಿಸಿ ಹಿಡಿದ ಸೊಂಟ ಸುಳ್ಳಿನದಲ್ಲ. ಅಮ್ಮನಿಗೆ ರಕ್ತ ಕೊಟ್ಟು, ಗಡ್ಡೆ ಬೆಳೆದಿದ್ದ ಗರ್ಭಕೋಶ ತೆಗೆಯುವ ಆಪರೇಷನ್ ನಡೆಯುತ್ತಿದ್ದಷ್ಟು ಹೊತ್ತೂ ಅವನು ಆಸ್ಪತ್ರೆಯ ಹೊರಗೆ ಟೆಂಪೋದ ಗಾಜನ್ನು ಒರೆಸುತ್ತಲೇ ಇದ್ದ. ನಾನು ಎಣಿಸಿದಂತೆ ಐದು ಸಲ. ಅಳು ಬಂದರೆ ಗಾಜು ಒರೆಸಬೇಕು ಎಂದು ಅವನಿಗೆ ಯಾರು ಕಲಿಸಿದರೋ. ಗಂಡಸಿಗೆ ಅಳಲು ರಜೆಯಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಮಲಗಲಿಕ್ಕಾದರೂ ಅವನಿಗೆ ರಜೆಯಿದೆ. ನಮ್ಮಮ್ಮನಿಗೆ ಎರಡೂ ಇರಲಿಲ್ಲ.

ಆರು ವಾರ ಭಾರ ಎತ್ತಬಾರದು, ಕುಕ್ಕರುಗಾಲಲ್ಲಿ ಕೂರಬಾರದು, ಚೆನ್ನಾಗಿ ಮಲಗಿ ಸುಧಾರಿಸಿಕೊಳ್ಳಬೇಕು ಎಂದರು ಡಾಕ್ಟರಮ್ಮ. ಪುಸ್ತಕದ ಹಿಂಬದಿಯಲ್ಲಿ ನಲವತ್ತೆರಡು ಚೌಕ ಎಳೆದೆ. ಮೊದಲ ದಿನವೇ ತೊಂದರೆ: ಅಪ್ಪನ ತಗ್ಗಿನಲ್ಲಿ ಅಮ್ಮ ಮಗುವಿನಂತೆ ಮುಳುಗಿಹೋಗಿ, ಹೊಲಿಗೆ ಎಳೆದು, ಮಗ್ಗುಲು ಹೊರಳಲಾಗಲಿಲ್ಲ. ಅಪ್ಪ ಅವಳನ್ನು ಚಾಪೆಗೆ ಇಳಿಸಿ, ಪಟ್ಟಿಯನ್ನೆಲ್ಲ ಬಿಚ್ಚಿ, ಚೌಕಟ್ಟಿಗೆ ಪಾದ ಒತ್ತಿ ಕುಳಿತು ಮಧ್ಯಾಹ್ನವಿಡೀ ಎಳೆದೆಳೆದು ಬಿಗಿದ. ಮಂಚ ಹಲಗೆಯಂತೆ ಸಮವಾಯಿತು. ಅಮ್ಮ ಹೊಟ್ಟೆ ಹಿಡಿದುಕೊಂಡು, "ನಿಮ್ಮ ಗುಂಡಿ ಹೋಯ್ತಲ್ಲ ರೀ," ಎಂದು ನಕ್ಕಳು.

ಹತ್ತೊಂಬತ್ತನೆಯ ಚೌಕದ ದಿನ ರಾಯಲ್ಪಾಡಿನಿಂದ ಅತ್ತೆ ಬಂದರು; ಅಪ್ಪನ ಅಕ್ಕ. ಹೊಸ್ತಿಲು ದಾಟುವ ಮೊದಲೇ ಅಮ್ಮನಿಗೆ ತೆಲುಗಿನಲ್ಲಿ, "ಏಮೇ ಪದ್ಮಾ, ಮಂಚಂ ಎಕ್ಕೇಸಿನಾವಾ?" ಎಂದರು. ಅಂತೂ ಮಂಚ ಹತ್ತಿಬಿಟ್ಟೆಯಾ ಎಂದು. ಹೆತ್ತ ಒಂಬತ್ತನೇ ದಿನಕ್ಕೆ ತಾವು ಹೊಲಕ್ಕೆ ಹೋದ ಕತೆ ಹೇಳಿದರು. ಅದನ್ನು ಅವರು ಹೇಳುವಾಗಲೆಲ್ಲ ಒಂದು ಕೈ ತಾನಾಗಿ ಸೊಂಟದ ಮೇಲೆ ಹೋಗುತ್ತದೆ. ಅದನ್ನೂ ನಾನು ಆವತ್ತೇ ಮೊದಲು ಗಮನಿಸಿದ್ದು. ಆಮೇಲೆ ವಿಷಯಕ್ಕೆ ಬಂದರು: ಮುಳಬಾಗಿಲಿನಿಂದ ನನ್ನನ್ನು ನೋಡಲು ಗಂಡಿನವರು ಸಂಜೆಗೇ ಬರುತ್ತಾರೆ.

"ಅವರಿಗೆ ಈ ಮನೆ ಯಾಕೆ ಹಿಡಿಸಿದೆ ಗೊತ್ತೇನೇ ಸುಮಾ? ಹುಡುಗಿ ತಾಯಿ ಒಂದು ದಿನ ಮಲಗಿದೋಳಲ್ಲ ಅಂತ ನಾನೇ ಹೇಳಿದ್ದೀನಿ." ಎಂದವರು ಅಪ್ಪನ ಕಡೆ ತಿರುಗಿ, "ಲೇ ಸೀನಾ, ಈ ಮಂಚ ಹಿತ್ತಲಿಗೆ ಹಾಕೋ. ಪದ್ಮ ಅರ್ಧ ಗಂಟೆ ಕಾಫಿ ತಟ್ಟೆ ಹಿಡ್ಕೊಂಡು ನಿಂತ್ಕೊಂಡ್ರೆ ಸಾಕು."

ನನ್ನ ಸೊನ್ನೆಗಳನ್ನೇ ಅತ್ತೆ ನನ್ನ ಲಗ್ನಪತ್ರಿಕೆ ಮಾಡಿದ್ದರು. ಅದಕ್ಕಿಂತ ಹೆಚ್ಚು ಉರಿದದ್ದು, ಅಮ್ಮ ಆಗಲೇ ಎರಡೂ ಕಾಲು ಕೆಳಗಿಟ್ಟು, "ಅರ್ಧ ಗಂಟೆ ತಾನೇ, ನಿಂತ್ಕೋತೀನಿ ಬಿಡು," ಎಂದಾಗ. ನಾನು ಹೋಗಿ ಮಂಚದ ತುದಿಯಲ್ಲಿ ಕುಳಿತೆ.

"ಎತ್ತೋದಾದ್ರೆ ನನ್ನನ್ನೂ ಸೇರಿಸಿ ಎತ್ತಿ ಅತ್ತೆ."

"ಮದುವೆ ಬೇಡ್ವೇನೇ ನಿನಗೆ?"

"ಬೇಕು. ಅಮ್ಮನ ಹೊಲಿಗೆ ಬಿಚ್ಚಿ ಆಗೋದು ಬೇಡ."

ಅಪ್ಪ ನೆಲ ನೋಡಿದ, ಬಿಗಿದ ಪಟ್ಟಿ ನೋಡಿದ, ಆಮೇಲೆ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ. ಅಮ್ಮ ಕಾಲುಗಳನ್ನು ಮತ್ತೆ ಮೇಲೆ ತೆಗೆದುಕೊಂಡಳು.

ಗಂಡಿನ ತಾಯಿ ಒಳಗೆ ಬಂದವರೇ ಮಂಚ ನೋಡಿ ನಿಂತರು. "ಹುಷಾರಿಲ್ವಾ?"

"ಆಪರೇಷನ್ ಆಗಿದೆ. ಇನ್ನೂ ಇಪ್ಪತ್ತಮೂರು ದಿನ ಮಲಗಬೇಕು," ಎಂದೆ.

ಅಪ್ಪ ಮಾಡಿದ, ಪಾಯಸದಷ್ಟು ಸಿಹಿಯಾದ ಕಾಫಿಯನ್ನು ಗುಟುಕರಿಸಿ, "ನಿನಗೆ ಅಂಥಾದ್ದೇನೂ ಇಲ್ಲ ತಾನೇ ಅಮ್ಮಾ?" ಎಂದರು.

"ಈಗ ಇಲ್ಲ. ಬಂದ್ರೆ ಮಲಗ್ತೀನಿ. ನಿಮ್ಮನೇಲಿ ಹಗಲು ಮಲಗೋಕೆ ಮಂಚ ಎಲ್ಲಿ ಹಾಕಿದ್ದೀರಿ?"

ಹುಡುಗನಿಗೆ ಕಾಫಿ ನೆತ್ತಿಗೇರಿತು. ಅವನ ತಾಯಿ, "ಮಂಚ ನಮ್ಮ ಯಜಮಾನ್ರದು..." ಎಂದವರು, ತಮ್ಮ ಮಾತು ತಮಗೇ ಕೇಳಿಸಿದಂತೆ ಅಲ್ಲಿಗೇ ನಿಲ್ಲಿಸಿದರು. ಹೊರಡುವತನಕ ಅವರು ಮಂಡಿ ನೀವಿಕೊಳ್ಳುತ್ತಾ ಅಮ್ಮನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಕೋಪವಿತ್ತು ಎಂದು ನಾನು ಬರೆದುಕೊಂಡಿಲ್ಲ. ಫೋನ್ ಮಾಡುತ್ತೇವೆ ಎಂದರು, ಮಾಡಲಿಲ್ಲ. "ಹೋಗು, ನಿನ್ನ ಪುಸ್ತಕಾನೇ ಮದುವೆ ಮಾಡ್ಕೋ," ಎಂದು ಬೈದು ಅತ್ತೆ ಬಸ್ಸು ಹತ್ತಿದರು. ನಾನು ಆ ರಾತ್ರಿ ಹತ್ತೊಂಬತ್ತನೆಯ ಚೌಕಕ್ಕೆ ಗುರುತು ಹಾಕಿದೆ. ಗೆರೆ ಚೌಕದೊಳಗೇ ಬಿತ್ತು.

ನಲವತ್ತೆರಡೂ ಮುಗಿದು, ಅಮ್ಮ ಎದ್ದು, ಹಸುಗಳಲ್ಲಿ ಒಂದನ್ನು ಅಪ್ಪನೇ ಹಿಂಡುವುದು ಎಂದಾಗಿ, ಆ ಹಸು ಅವನನ್ನು ಎರಡು ಸಲ ಒದ್ದು, ಮೂರನೆಯ ಸಲ ಒಪ್ಪಿಕೊಂಡದ್ದೆಲ್ಲ ಪುಸ್ತಕದಲ್ಲಿದೆ. ಮಾವು ಹೂಬಿಡುವ ಹೊತ್ತಿಗೆ, ಒಂದು ಗುರುವಾರ, ಶಾಲೆಯಿಂದ ಬಂದು ನೋಡಿದರೆ ಅಮ್ಮ ಮಂಚದ ಮೇಲೆ ಕೈಯನ್ನು ತಲೆಗೆ ಕೊಟ್ಟು ಮಲಗಿದ್ದಳು. ಹೌಹಾರಿ ಹಣೆ ಮುಟ್ಟಿದೆ. ತಣ್ಣಗಿತ್ತು.

"ಹೊಟ್ಟೆ ನೋವಾ?"

"ಇಲ್ಲ."

"ತಲೆ ಸುತ್ತಾ?"

"ಇಲ್ಲ ಕಣೇ. ಸುಮ್ನೆ ಮಲಗಿದ್ದೀನಿ." ಕಿಟಕಿಯಾಚೆ ಯಾರೋ "ಏನಾಯ್ತು ಪದ್ಮಕ್ಕಾ?" ಎಂದರು. ಅಮ್ಮ ಏಳಲಿಲ್ಲ. "ಏನೂ ಆಗಿಲ್ಲ!" ಎಂದು ಮಲಗಿದಲ್ಲಿಂದಲೇ ಕೂಗಿ, ನನ್ನ ಕಡೆ ತಿರುಗಿ, "ಹಂಗೇ ಬರ್ಕೋ," ಎಂದಳು.

ದಿನ, ಗುರುವಾರ. ಯಾರು, ಅಮ್ಮ. ಯಾಕೆ, ಸುಮ್ಮನೆ. ಆಮೇಲೆ ಅಂಥ ದಿನಗಳು ಇನ್ನೂ ಏಳು ಸೇರಿವೆ, ನಾನು ಯಾವುದಕ್ಕೂ ಹೂವು ಬರೆದಿಲ್ಲ. ಇವತ್ತು ಹಾಸಿಗೆ ಕೊಡವುವಾಗ ಕೈಯಾಡಿಸಿ ನೋಡಿದೆ: ಬಿಗಿದ ನವಾರಿನ ನಡುವೆ, ಅಪ್ಪನದು ಇದ್ದ ಕಡೆಯಿಂದ ಸ್ವಲ್ಪ ಪಕ್ಕಕ್ಕೆ, ಅಮ್ಮನ ಅಳತೆಗೆ ಒಂದು ತಗ್ಗು ಶುರುವಾಗಿದೆ. ಅದನ್ನು ಬಿಗಿಯಲು ನಾನು ಯಾರಿಗೂ ಬಿಡುವುದಿಲ್ಲ.