ಒಂದು ದೀರ್ಘ ಬಿದ್ದುಹೋದ ಹಾಡು

ಕಾಜಾ ಅಕ್ಕನಿಗೆ ಬಿಳಿಯರ ದೆವ್ವ ಮೆಟ್ಟಿಕೊಂಡಿದೆ ಎಂದು ಗಲ್ಲಿಯವರು ಹೇಳುತ್ತಿದ್ದರು. ಬಾಗಿಲಿಗೆ ಹೊರಗಿನಿಂದ ಬೀಗ, ಒಳಗಿನಿಂದ ಇಂಗ್ಲಿಷ್ ಹಾಡು. ಜನ ಇನ್ನೇನು ಅಂದುಕೊಳ್ಳಬೇಕು? "ಹಾಡೋದು ಅವಳಲ್ಲ ಕಣೇ, ಅವಳೊಳಗೆ ಕೂತಿರೋದು," ಎಂದು ನಲ್ಲಿಯ ಹತ್ತಿರ ಒಬ್ಬಳು ಅಂದರೆ, "ಪಾಪ, ಅದಕ್ಕೂ ಬೀಗ ಬಿತ್ತಲ್ಲೇ," ಎಂದು ಇನ್ನೊಬ್ಬಳು ನಗುತ್ತಿದ್ದಳು.

ದೆವ್ವವೂ ಇಲ್ಲ, ಗಾಳಿಯೂ ಇಲ್ಲ. ಅವಳು ಅಂಗಿಗಳಿಗೆ ಕಾಜಾ ಹೊಲಿಯುವ ಹೆಂಗಸು. ಗುಂಡಿ ತೂರುವ ಪುಟ್ಟ ಸೀಳಿದೆಯಲ್ಲ, ಅದರ ಅಂಚಿಗೆ ಎಳೆ ಬಿಚ್ಚದಂತೆ ಒತ್ತೊತ್ತಾಗಿ ದಾರ ಕಟ್ಟುವುದೇ ಕೆಲಸ. ಬೆಳಿಗ್ಗೆ ಅಣ್ಣ ಅಂಗಿಗಳ ಗಂಟು ಇಟ್ಟು ಹೋಗುತ್ತಿದ್ದ, ಸಂಜೆ ಹೊಲಿದದ್ದನ್ನು ಟೈಲರ್ ಅಂಗಡಿಗೆ ಮುಟ್ಟಿಸುತ್ತಿದ್ದ. ಊರಿನ ಅರ್ಧ ಗಂಡಸರ ಎದೆ ಮುಚ್ಚಿಸಿದವಳು ಅವಳೇ. ಆದರೆ ಅವರಲ್ಲಿ ಒಬ್ಬನ ಮುಖವನ್ನೂ ಅವಳು ಕಂಡಿರಲಿಲ್ಲ.

ಅಣ್ಣ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಕೆಟ್ಟವನೆಂದು ಹೇಳಿದರೆ ನಾಲಿಗೆಗೆ ದೋಷ. ತಂದೆತಾಯಿ ಹೋದ ಮೇಲೆ ತಂಗಿಯನ್ನು ಸಾಕಿದವನು ಅವನು. ಅವಳಿಗೆ ಸಣ್ಣಂದಿನಲ್ಲಿ ಮೂರ್ಛೆ ಬರುತ್ತಿತ್ತು. ಒಮ್ಮೆ ದಾರ ತರಲು ಹೋದವಳು ನಡುರಸ್ತೆಯಲ್ಲಿ ಬಿದ್ದು, ಲಾರಿಯೊಂದು ಕೂದಲೆಳೆಯ ಅಂತರದಲ್ಲಿ ತಪ್ಪಿಸಿಕೊಂಡು ಹೋಯಿತು. ಮಾರನೆಯ ದಿನವೇ ಅಣ್ಣ ಬೀಗ ತಂದ. ಆಮೇಲೆ ಡಾಕ್ಟರು ಕೊಟ್ಟ ಗುಳಿಗೆಗೆ ಕಾಯಿಲೆ ಬಗ್ಗಿತು, ವರ್ಷಗಳಾದ ಮೇಲೆ ಗುಳಿಗೆಯೂ ನಿಂತಿತು. ಬೀಗ ಮಾತ್ರ ನಿಲ್ಲಲಿಲ್ಲ. ಮೊದಮೊದಲು ಅವಳು ಕೇಳಿದಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ಬೆಳಿಗ್ಗೆ ಕೊಂಡಿ ಸಿಕ್ಕಿಕೊಂಡಾಗ ಬರುವ ಸಣ್ಣ ಸದ್ದಿಗೆ ಅವಳ ಕೈ ತಾನಾಗಿ ಸೂಜಿಯ ಕಡೆ ಹೋಗುತ್ತಿತ್ತು, ಗಂಟೆ ಬಾರಿಸಿದರೆ ಶಾಲೆಯ ಮಕ್ಕಳು ಸಾಲಾಗುವ ಹಾಗೆ.

ಆ ಮನೆಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೂ ಸರಳು. ಎದುರಿಗೆ, ಕೈ ಚಾಚಿದರೆ ಬೆರಳು ತಾಗುವಷ್ಟು ಹತ್ತಿರದಲ್ಲಿ, ರೇಡಿಯೋ ಮೆಕ್ಯಾನಿಕ್ಕನ ಕೋಣೆಯ ಕಿಟಕಿ. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಮೂವರು ಸೇರುತ್ತಿದ್ದರು: ಮೆಕ್ಯಾನಿಕ್, ಪಕ್ಕದ ಊರಿನ ಆಸ್ಪತ್ರೆಯ ನರ್ಸಮ್ಮ, ಒಬ್ಬ ವ್ಯಾನ್ ಡ್ರೈವರ್. ಮೂವರಿಗೂ ಒಂದೇ ಹುಚ್ಚು. ಬ್ರಿಟನ್ನಿನ ಒಂದು ನ್ಯೂ ವೇವ್ ಹಾಡಿನ ತಂಡ, ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಒಂದೇ ಕೊಡೆಯಡಿ ಒತ್ತಿಕೊಂಡು ನಿಂತ ನಾಲ್ವರು. ಇವರ ಬಾಯಲ್ಲಿ ಅವರ ಹೆಸರು 'ಛತ್ರಿಗಳು'.

"ಬೇರೆಯವರು ಪ್ರೀತಿ ಪ್ರೀತಿ ಅಂತ ಬಡ್ಕೊಳ್ತಾರೆ," ಎನ್ನುತ್ತಿದ್ದ ಮೆಕ್ಯಾನಿಕ್. "ಈ ಛತ್ರಿಗಳು ನೋಡಿ, ಒಬ್ಬ ಮನುಷ್ಯನ್ನ ತಂದು ನಮ್ಮೆದುರು ಕೂರಿಸಿ ಹೋಗ್ತಾರೆ."

ಅದು ನಿಜ. ಒಂದು ಹಾಡಿನಲ್ಲಿ ಒಬ್ಬ ಲಿಫ್ಟ್ ನಡೆಸುವವನು; ತಲೆ ಎತ್ತಿ ಯಾರನ್ನೂ ನೋಡದೆ, ಬೂಟಿನಿಂದಲೇ ಅವರವರ ಮನೆಯ ಜಗಳ ಹೇಳಬಲ್ಲ. ಇನ್ನೊಂದರಲ್ಲಿ ಕೈಗವಸಿನ ಕಾರ್ಖಾನೆಯವನು. ಜೀವನವಿಡೀ ಎಡಗೈಯದನ್ನೇ ಹೊಲಿಯುತ್ತಾನೆ. ಕಾಜಾ ಅಕ್ಕ ಕಿಟಕಿಯ ಈಚೆ ಕೂತು ಹೊಲಿಯುತ್ತ ಕೇಳುತ್ತಿದ್ದಳು. ಶಾಲೆಯಲ್ಲಿ ಕಲಿತ ನಾಲ್ಕು ಇಂಗ್ಲಿಷ್ ಪದ, ನಡುವೆ ಮೆಕ್ಯಾನಿಕ್ ಎಸೆಯುವ ನಾಲ್ಕು, ಉಳಿದದ್ದು ಅವಳ ತಲೆಯದೇ. ಹಾಡು ಮುಗಿದ ಕೂಡಲೇ ಅವಳ ಪ್ರಶ್ನೆ ಗಲ್ಲಿ ದಾಟುತ್ತಿತ್ತು.

"ಬಲಗೈದು ಹೊಲಿಯೋನು ಎಲ್ಲಿ ಹೋದ?"

"ಹಾಡಲ್ಲಿ ಅವನಿಲ್ಲ ಅಕ್ಕಾ."

"ಹಾಡಲ್ಲಿ ಇಲ್ಲದಿದ್ರೆ ಲೋಕದಲ್ಲೂ ಇಲ್ವಾ? ಯಾವನೋ ಒಬ್ಬ ಹೊಲೀತಿದಾನೆ ತಾನೆ? ಇವರಿಬ್ಬರಿಗೂ ಒಂದ್ಸಲ ಭೇಟಿ ಮಾಡಿಸ್ಬಾರದಿತ್ತಾ, ಪಾಪಿಗಳು!"

ಗಿಟಾರು ಹೇಗೆ ಕೊಯ್ಯುತ್ತದೆ, ಡ್ರಮ್ಮು ಎಲ್ಲಿ ನಿಲ್ಲುತ್ತದೆ ಎಂಬ ಮೂವರ ವಾದ ಅಷ್ಟಕ್ಕೆ ನಿಂತು, ಬಲಗೈಯವನ ಸಂಸಾರದ ಕಥೆ ಶುರುವಾಗುತ್ತಿತ್ತು. ಅವಳು ಹೇಳುವುದನ್ನು ಕೇಳಲೆಂದೇ ನರ್ಸಮ್ಮ ಬಸ್ಸು ಹತ್ತಿ ಬರುತ್ತಿದ್ದಳು.

ಭಾನುವಾರ ಕೇಳಿದ್ದು ವಾರವಿಡೀ ಅಣ್ಣನ ಊಟಕ್ಕೆ ನೆಂಚಿಕೊಳ್ಳಲು ಆಗುತ್ತಿತ್ತು. "ಛತ್ರಿಗಳು ಅಂತ ಅವರೇ ಒಪ್ಕೊಂಡಿದಾರಲ್ಲ, ಇನ್ನೇನು ಕೇಳೋದು," ಎಂದು ಅವನು ಮೂಗು ಮುರಿಯುತ್ತಲೇ ತಟ್ಟೆಯ ಮುಂದೆ ಕೂರುತ್ತಿದ್ದ. ಅವಳು ಹೇಳಲು ತೊಡಗಿದರೆ ಮಾತಿಗೊಂದು "ಹೂಂ" ಅವನಿಂದ ಬರುತ್ತಿತ್ತು. ಹೂಂಗುಟ್ಟುವವನು ಇದ್ದರೆ ಕಥೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹೇಳುವವಳು ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಹೆಚ್ಚಿನದು ರೈಲು ಕಂಬಿಯ ಪಕ್ಕದ ಮೇಲ್ಮನೆಯ ಹೆಂಗಸಿನ ಹಾಡು. ಆ ಹೆಂಗಸು ಬಟ್ಟಲು ತೊಳೆಯುತ್ತಾಳೆ, ಕೋಟು ತೊಡುತ್ತಾಳೆ, ರೈಲು ಹೋದಾಗ ಕಿಟಕಿಯ ಗಾಜು ನಡುಗುತ್ತದೆ. ಪ್ರತಿ ಚರಣದ ಕೊನೆಗೂ ಹಾಡುಗಾರ ಎಳೆದೆಳೆದು ಹೇಳುತ್ತಾನೆ: "ಶಿ ಲೀವ್ಸ್ ಹಿಯರ್." ಹೊರಟುಬಿಡುತ್ತಾಳೆ ಇಲ್ಲಿಂದ!

"ನಾಲ್ಕು ಚರಣಕ್ಕೆ ನಾಲ್ಕು ಸಲ ಹೊರಟ್ಲಲ್ಲಾ, ವಾಪಸ್ ಬಂದಿದ್ದು ಯಾವಾಗ?" ಎಂದು ಡ್ರೈವರ್ ಒಮ್ಮೆ ಕೀಟಲೆ ಮಾಡಿದ.

"ಹೆಂಗಸು ಮನೆ ಬಿಡೋದು ಅಂದ್ರೆ ನಿನ್ನ ವ್ಯಾನ್ ಸ್ಟಾರ್ಟ್ ಮಾಡಿದ ಹಾಗೇನಯ್ಯಾ? ಒಂದ್ಸಲ ಕೊಡೆ ಮರೀತಾಳೆ, ಒಂದ್ಸಲ ಕನ್ನಡಕ. ನಾಲ್ಕನೇ ಸಲಕ್ಕೆ ಎಲ್ಲಾ ಸರಿಯಾಗುತ್ತೆ."

ನರ್ಸಮ್ಮ ನಕ್ಕಳು. ಮೆಕ್ಯಾನಿಕ್ ನಗಲಿಲ್ಲ, ಟೇಪಿನ ಗುಂಡಿ ತಿರುವುತ್ತ ಕೂತ.

ಹೀಗಿರುವಾಗ ಒಂದು ಭಾನುವಾರ ನರ್ಸಮ್ಮ ಕಿಟಕಿಗೆ ಮುಖ ತಂದು ಹೇಳಿದಳು. ಅವಳ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಒಂದು ಜಾಗ ಖಾಲಿ ಇದೆ. ಹೊದಿಕೆ, ಗೌನು, ದಿಂಬಿನ ಚೀಲ ಹೊಲಿಯುವ ಕೆಲಸ. ಇರಲು ಹಾಸ್ಟೆಲಿನಲ್ಲಿ ಕೋಣೆ. ಆದರೆ ಮುಂದಿನ ವಾರದ ಸೋಮವಾರದಷ್ಟರಲ್ಲಿ ಅಕ್ಕನೇ ಬಂದು ಮೇಟ್ರನ್ನಿಗೆ ಮುಖ ತೋರಿಸಬೇಕು. ಆಮೇಲೆ ಬೇರೆಯವರಿಗೆ ಹೋಗುತ್ತದೆ.

ಕಾಜಾ ಅಕ್ಕ ಬರುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಆ ವಾರ ಮೇಲ್ಮನೆಯ ಹೆಂಗಸಿನ ಹಾಡನ್ನು ಸೂಜಿಯ ಜೊತೆ ಗುನುಗುತ್ತಲೇ ಇದ್ದಳು. ದಿನಾ ಊಟಕ್ಕೆ ಬಡಿಸುವಾಗ ಅಣ್ಣನಿಗೆ ಹೇಳಬೇಕೆಂದು ಬಾಯಿ ತೆರೆಯುವಳು. ಬೇರೆ ಯಾವುದೋ ಮಾತು ಹೊರಬರುವುದು.

ಮುಂದಿನ ಭಾನುವಾರ ಬಂತು. ಊರಿನವರ ಟೇಪ್ ರೆಕಾರ್ಡರೆಲ್ಲ ಸರಿಮಾಡುವ ಮೆಕ್ಯಾನಿಕ್ಕನ ಸ್ವಂತ ಟೇಪ್ ರೆಕಾರ್ಡರಿನಲ್ಲಿ ಟೇಪು ತಿರುಗಿಸುವ ರಬ್ಬರ್ ಬೆಲ್ಟು ವರ್ಷಗಳಿಂದ ಸಡಿಲವಾಗಿತ್ತು. ಹಾಡೆಲ್ಲ ಒಂದಿಷ್ಟು ಜಗ್ಗಿ ಬರುತ್ತಿತ್ತು. ಕೇಳಿ ಕೇಳಿ ಮೂವರಿಗೂ ಅದೇ ಸರಿಯೆನಿಸಿಬಿಟ್ಟಿತ್ತು. ಅಂದು ಅದು ಹರಿಯಿತು. ಬೇರೆ ದಾರಿಯಿಲ್ಲದೆ ಅವನು ಹೊಸದು ಹಾಕಿದ.

ಹಾಡು ಚುರುಕಾಗಿ ಹೊರಟಿತು. ಛತ್ರಿಗಳಿಗೆ ವಯಸ್ಸು ಇಳಿದ ಹಾಗೆ! ಡ್ರೈವರ್ ತೊಡೆಯ ಮೇಲೆ ತಾಳ ಹಾಕಿದ. ಚರಣ ಮುಗಿಯಿತು. "ಶಿ ಲಿವ್ಸ್ ಹಿಯರ್." ಎಳೆತವಿಲ್ಲ, ದೀರ್ಘವಿಲ್ಲ.

ಕಾಜಾ ಅಕ್ಕನ ಸೂಜಿ ನಿಂತಿತು. "ಇನ್ನೊಂದ್ಸಲ ಹಾಕಿ."

ಮತ್ತೆ ಹಾಕಿದರು. ಮತ್ತೆ ಅದೇ.

"ಇದೇನಿದು, ಲೀ ಹೋಗಿ ಲಿ ಆಯ್ತು? ಹಾಗಂದ್ರೆ ಅರ್ಥ ಏನು?"

ಮೆಕ್ಯಾನಿಕ್ ಗೋಡೆ ನೋಡುತ್ತ ಹೇಳಿದ: "ಇಲ್ಲಿ ವಾಸ ಮಾಡ್ತಾಳೆ ಅಂತ ಅಕ್ಕಾ. ಇಲ್ಲೇ ಇರ್ತಾಳೆ."

"ಮತ್ತೆ ಕೋಟು?"

"ತೊಡ್ತಾಳೆ. ಬಿಚ್ಚಿಡ್ತಾಳೆ. ದಿನಾ."

"ನಾಲ್ಕನೇ ಸಲವೂ?"

"ನಾಲ್ಕನೇ ಸಲವೂ."

"ನಿನಗೆ ಮೊದಲೇ ಗೊತ್ತಿತ್ತಲ್ವಾ?"

"ನೀನು ಹೇಳೋ ಕಥೆ ಚೆನ್ನಾಗಿತ್ತು ಅಕ್ಕಾ," ಎಂದ ಅವನು, ತಪ್ಪು ಮಾಡಿದವನ ದನಿಯಲ್ಲಿ.

ಅವಳು ಕಿಟಕಿಯ ಕದ ಎಳೆದುಕೊಂಡಳು. ಕೋಣೆ ಮಬ್ಬಾಯಿತು. ಕೆಳಗಿದ್ದ ಅಂಗಿಯ ಕಾಜಾ ಅರ್ಧಕ್ಕೆ ನಿಂತಿತ್ತು, ಅದನ್ನು ಮುಗಿಸಿದಳು. ಇನ್ನೊಂದು ತೆಗೆದುಕೊಂಡಳು, ಅದನ್ನೂ ಮುಗಿಸಿದಳು. ನಾಲ್ಕು ಗೋಡೆಗಳೂ ಒಂದೊಂದು ಗೇಣು ಒಳಗೆ ಸರಿದು ಕೂತಂತಿತ್ತು. ಎದುರಿನಿಂದ ನರ್ಸಮ್ಮ ಎರಡು ಸಲ ಕರೆದಳು. ಇವಳು ಮೂರನೆಯ ಅಂಗಿ ಎತ್ತಿಕೊಂಡಳು.

ಸಂಜೆ ಅಣ್ಣ ಬಂದ, ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ. "ಏನು ಹಾಡಿದ್ರು ಇವತ್ತು ನಿನ್ನ ಛತ್ರಿಗಳು?"

ಅವಳು ಹೇಳಿದಳು. ಈ ಸಲ ಹಾಡಿನಲ್ಲಿ ಇದ್ದ ಹಾಗೇ, ಏನೂ ಸೇರಿಸದೆ. ಬಟ್ಟಲು ತೊಳೆದಳು. ಹೂಂ. ಕೋಟು ತೊಟ್ಟಳು. ಹೂಂ. ರೈಲು ಹೋಯಿತು, ಗಾಜು ನಡುಗಿತು. ಹೂಂ. ಕೋಟು ಬಿಚ್ಚಿಟ್ಟಳು.

"ಬಿಚ್ಚಿಟ್ಲಾ? ಆಮೇಲೆ?"

"ಆಮೇಲೇನಿಲ್ಲ. ಅಲ್ಲೇ ಇದ್ಲು. ಹಾಡು ಮುಗೀತು."

ಅಣ್ಣನ ತುತ್ತು ಬಾಯಿಯ ಹತ್ತಿರ ನಿಂತಿತು. "ಇದೆಂಥಾ ಕಥೆ! ಅವಳು ಹೋಗ್ತಿದ್ಲಲ್ಲ, ನೀನೇ ಹೇಳಿದ್ದೆ. ಆ ಮನೇಲಿ ಬೇರೆ ಯಾರೂ ಇರ್ಲಿಲ್ವಾ? ಹೋಗು ಅಂತ ಒಬ್ರೂ ಹೇಳ್ಲಿಲ್ವಾ ಅವಳಿಗೆ?"

ಕೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತೇನೋ, ಅವನು ತಟ್ಟೆಯ ಕಡೆ ತಲೆ ತಗ್ಗಿಸಿದ. ಅವಳು ಅದೇ ಉಸಿರಿನಲ್ಲಿ ಆಸ್ಪತ್ರೆಯ ವಿಷಯ ಹೇಳಿ ಮುಗಿಸಿದಳು. "ನಾಳೆ ಬೀಗ ಹಾಕ್ಬೇಡ ಅಣ್ಣಾ. ನಾನು ಹೋಗ್ತೀನಿ."

"ತಲೆ ಕೆಟ್ಟಿದೆ ನಿನಗೆ," ಎಂದು ಅವನು ಎದ್ದು ಕೈ ತೊಳೆದ.

ಬೆಳಿಗ್ಗೆ ಅಣ್ಣ ಡ್ಯೂಟಿಯ ಅಂಗಿ ತೊಟ್ಟು ಬೀಗ ಕೈಗೆತ್ತಿಕೊಂಡ. ಹೊಸಿಲಿನಲ್ಲಿ ನಿಂತು ತಿರುಗಿದರೆ, ಅವಳು ಚೀಲ ಹಿಡಿದು ಹಿಂದೆಯೇ ನಿಂತಿದ್ದಳು. ಅವನು ಬೀಗ ಹಾಕಿ ಹೋದ ಮೇಲೆ ಗದ್ದಲ ಎಬ್ಬಿಸಿದರೆ ಮೆಕ್ಯಾನಿಕ್ ಬಂದು ಅದನ್ನು ಒಡೆದಾನು, ಅವಳಿಗೆ ಗೊತ್ತಿತ್ತು. ಆದರೆ ತನ್ನ ಮನೆಯಿಂದ ಕಳ್ಳಿಯಂತೆ ಹೊರಡಲು ಅವಳಿಗೆ ಮನಸ್ಸಿರಲಿಲ್ಲ.

"ದಾರೀಲಿ ಬಿದ್ದುಗಿದ್ದರೆ?" ಎಂದ ಅಣ್ಣ. ಇಷ್ಟು ವರ್ಷ ಬೀಗದ ಹಿಂದೆ ಇದ್ದ ಮಾತು ಅದೊಂದೇ.

"ಬಿದ್ರೆ ಏಳ್ತೀನಿ. ಹೋಗ್ತಿರೋದೇ ಆಸ್ಪತ್ರೆಗೆ, ಬೀಳೋಕೆ ಅದಕ್ಕಿಂತ ಒಳ್ಳೆ ಜಾಗ ಯಾವುದಿದೆ ಹೇಳು?"

ಅವನು ನಗಲಿಲ್ಲ. ಬಾಗಿಲಿನಿಂದ ಕದಲಲೂ ಇಲ್ಲ. ಅವಳೂ ಕದಲಲಿಲ್ಲ. ಹಾಲಿನವನು ಒಮ್ಮೆ ಇಣುಕಿ ನೋಡಿ ಮುಂದೆ ಹೋದ.

"ಎಷ್ಟು ಗಂಟೆ ಬಸ್ಸು?" ಎಂದು ಅಣ್ಣ ಕೇಳಿದ, ಅದನ್ನು ಊರಿಗೇ ಹೇಳಬೇಕಾದವನು ತಾನೆಂಬುದನ್ನು ಮರೆತು.

"ನೀನೇ ಹೇಳ್ಬೇಕು."

ಅವನು ನೀರು ಕುಡಿಯಲು ಹೋಗುವವನಂತೆ ಅವಳ ಪಕ್ಕದಿಂದ ಒಳಗೆ ನಡೆದು, ಕಿಟಕಿಯ ಬಳಿ ಅವಳು ಹೊಲಿಯಲು ಕೂರುವ ಸ್ಟೂಲಿನ ಮೇಲೆ ಕೂತ. ಬೀಗ ಇನ್ನೂ ಕೈಯಲ್ಲೇ ಇತ್ತು. ಬಾಗಿಲು ತೆರವಾಗಿತ್ತು.

ಮುಂದೆ ತಿಂಗಳಿಗೊಮ್ಮೆ ಅವನೇ ಬಸ್ಸು ಹತ್ತಿ ಅವಳನ್ನು ನೋಡಿ ಬರುತ್ತಿದ್ದ. ಆ ಮನೆಗೆ ಅವಳು ಮತ್ತೆ ಬರಲಿಲ್ಲ. ಆದರೆ ಆ ಬೆಳಿಗ್ಗೆ ಇಬ್ಬರಿಗೂ ಅದು ಗೊತ್ತಿರಲಿಲ್ಲ. ಅವಳು ಹೊಸಿಲು ದಾಟುವಾಗ ಒಳಗಿನಿಂದ, ಬೆನ್ನು ಹಾಕಿಯೇ, ಅಣ್ಣ ಅಂದ:

"ಬಾಗಿಲು ಎಳ್ಕೊಂಡು ಹೋಗು. ನಾಯಿ ನುಗ್ಗುತ್ತೆ."

ಹೊರಗಿನಿಂದ ಆ ಬಾಗಿಲನ್ನು ಹೇಗೆ ಎಳೆಯುವುದೆಂದು ಅವಳಿಗೆ ಒಂದು ಗಳಿಗೆ ತೋಚಲಿಲ್ಲ. ಹಿಡಿ ಎಲ್ಲಿದೆಯೆಂದು ಬೆರಳಿನಿಂದ ತಡಕಿದಳು. ಸಿಕ್ಕಿತು. ಎಳೆದು, ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಗಲ್ಲಿಗೆ ಇಳಿದಳು.