ಅಕ್ಕ ಎಳೆದಿಟ್ಟ ಸ್ಪ್ರಿಂಗು

ನಮ್ಮ ಭಾವ ಏರ್‌ಗನ್ ರಿಪೇರಿ ಮಾಡುವವರು. ಬಾಯಿ ಜೋರು. ಗಿರಾಕಿ ಬಂದೂಕು ಕೊಟ್ಟ ಕೂಡಲೇ ನಳಿಗೆಯನ್ನು ಮೆಲ್ಲಗೆ ಕೆಳಗೆ ಬಾಗಿಸಿ ನೋಡುತ್ತಾರೆ. ಬಿಗಿಯಾಗಿ ಬಂದರೆ ಸರಿ. ಸಡಿಲವಾಗಿ ಜೋತುಬಿದ್ದರೆ, ಒಳಗಿನ ಸ್ಪ್ರಿಂಗನ್ನು ಯಾರೋ ಎಳೆದು ಹಾಗೇ ಬಿಟ್ಟಿದ್ದಾರೆ ಎಂದರ್ಥ. ಆಗ ಗಿರಾಕಿಯ ಗ್ರಹಚಾರ ಬಿಡಿಸುತ್ತಾರೆ.

"ನಿಮ್ಮನ್ನ ಮಡಚಿ ಪೆಟ್ಟಿಗೇಲಿ ತುಂಬಿ ಮುಚ್ಚಳ ಹಾಕಿದ್ರೆ ಹೇಗಿರುತ್ತೆ ಸ್ವಾಮಿ? ಎಳೆದ ಮೇಲೆ ಹೊಡೆದುಬಿಡ್ಬೇಕು. ಹಾಗೇ ಇಟ್ರೆ ಸ್ಪ್ರಿಂಗ್ ಸಾಯುತ್ತೆ."

ಅಕ್ಕ ಪಾರ್ಕಿನ ಗೇಟಿನ ಬಳಿ ಬಲೂನಿಗೆ ಗುರಿಯಿಟ್ಟು ಹೊಡೆಸುವ ಅಂಗಡಿ ಇಟ್ಟಿದ್ದಳು. ಗುರಿ ತಪ್ಪಿದವರು ಬಂದೂಕನ್ನು ದೂರಿದರೆ, "ನಮ್ಮನೆಯೋರು ರಿಪೇರಿ ಮಾಡಿದ್ದು ಇದು. ಡೊಂಕಿರೋದು ನಿಮ್ಮ ಕಣ್ಣು" ಎಂದು ನಗುತ್ತಿದ್ದಳು. ಗಂಡನನ್ನು ಎದುರಿಗೆ ಹೊಗಳಿದವಳೇ ಅಲ್ಲ. ಒಂದು ಭಾನುವಾರ ಸಂಜೆ ನಳಿಗೆ ಎಳೆದು, ಗುಂಡು ಹಾಕಿ, ಗಿರಾಕಿಗೆ ಕೊಡಲು ಕೈ ಚಾಚಿದವಳು "ಯಾಕೋ ಎದೆ ಹಿಡ್ಕೊಳ್ತಿದೆ" ಎಂದು ಸ್ಟೂಲಿನ ಮೇಲೆ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಅಂಗಡಿ ಮುಚ್ಚಿ ಬಂದೂಕುಗಳನ್ನು ತಂದವನು ನಾನು.

ಮರುವಾರ ಭಾವ ಅವನ್ನೆಲ್ಲ ಒಂದೊಂದಾಗಿ ಬಾಗಿಸಿ ನೋಡಿದರು. ಒಂದು ಸಡಿಲವಾಗಿ ಜೋತುಬಿತ್ತು. ಗುಂಡನ್ನು ಹೊರಗೆ ತೆಗೆದರು. ಎಳೆದ ಸ್ಪ್ರಿಂಗನ್ನು ಮಾತ್ರ ಹೊಡೆದು ಬಿಡಿಸಲಿಲ್ಲ. ಬಂದೂಕನ್ನು ಹಾಗೇ ಟವೆಲಿನಲ್ಲಿ ಸುತ್ತಿ ರಿಪೇರಿ ಅಂಗಡಿಯ ಅಟ್ಟದ ಮೇಲಿಟ್ಟರು.

ನನಗೆ ರೇಗಿತು. "ಲೋಕಕ್ಕೆಲ್ಲ ಬುದ್ಧಿ ಹೇಳ್ತೀರಿ. ಇದನ್ನ ಯಾಕೆ ಭಾವ ಹೀಗಿಟ್ಟಿದ್ದೀರಿ?"

"ಅದರೊಳಗೆ ಅವಳ ಕೈಯ ಬಲ ಇದೆ ಕಣೋ. ಇನ್ನೆಲ್ಲೂ ಉಳಿದಿಲ್ಲ. ಮಗಳಿಗೆ ಹೇಳ್ಬೇಡ, ಅಪ್ಪನಿಗೆ ತಲೆ ಕೆಟ್ಟಿದೆ ಅಂದ್ಕೊಳ್ತಾಳೆ."

ನಾನು ಹೇಳಲಿಲ್ಲ. ವರ್ಷಗಳು ಕಳೆದವು. ಮಗಳು ಅಪ್ಪನ ಪಕ್ಕದಲ್ಲೇ ಕೂತು ಕೆಲಸ ಕಲಿತಳು. ಕೆಲಸದ ಜೊತೆ ಅಪ್ಪನ ಬಾಯಿಯೂ ಬಂತು.

ಮೊನ್ನೆ ಭಾವನೂ ನಾನೂ ಊಟ ಮುಗಿಸಿ ಅಂಗಡಿಗೆ ಬಂದಾಗ ಅವಳು ಅಟ್ಟ ಗುಡಿಸಿ ಇಳಿದಿದ್ದಳು. ಬೆವರು ಒರೆಸಿಕೊಳ್ಳುತ್ತಿದ್ದದ್ದು ಆ ಟವೆಲಿನಲ್ಲೇ.

"ಅಪ್ಪಾ, ಯಾರ ಘನಂದಾರಿ ಕೆಲಸಾನೋ ನೋಡಿ, ಎಳೆದು ಹಾಗೇ ಇಟ್ಟಿದ್ರು! ನೀವಾಗಿದ್ರೆ ಸುಮ್ನೆ ಬಿಡ್ತಿದ್ರಾ? ನಾನೇ ಗುಂಡು ಹಾಕಿ ಮರಳಿನ ಪೆಟ್ಟಿಗೆಗೆ ಹೊಡೆದುಬಿಟ್ಟೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ನನ್ನ ಮಣಿಕಟ್ಟು ಅದುಮಿದರು.

"ಒಳ್ಳೇ ಕೆಲಸ ಮಾಡ್ದೆ ಮಗಳೇ," ಎಂದರು. ಗೋಡೆ ಹಿಡಿದು ಕೂತ ಮೇಲೆ ಕೇಳಿದರು: "ಜೋರಾಗಿ ಹೋಯ್ತಾ?"

"ಎಲ್ಲಿಯ ಜೋರು! ಮರಳಿಗೆ ತಾಗಿ ಕೆಳಗೆ ಬಿತ್ತು. ಸ್ಪ್ರಿಂಗ್ ಸತ್ತೇ ಹೋಗಿದೆ ಅಪ್ಪಾ. ಹೊಸದು ಹಾಕ್ಲಾ?"

"ಹಾಕು. ಹಳೇದನ್ನ ಬಿಸಾಡ್ಬೇಡ, ನಂಗೆ ಕೊಡು."

"ಸತ್ತಿರೋದನ್ನ ಇಟ್ಕೊಂಡು ಏನ್ ಮಾಡ್ತೀರಿ?"

ಅವಳು ಕೇಳಿದ್ದು ತಮಾಷೆಗೆ. ಅಕ್ಕ ಹೋದ ದಿನವೂ ಅಳದಿದ್ದ ಮನುಷ್ಯ ಮಗಳ ಮುಂದೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.