ಮುಕ್ಕಾಲು ಹಾಜರಿ, ಬಾರದ ಜ್ವರ

"ಮಾಮ, ನನಗೆ ಜ್ವರ ಬಂದಿತ್ತು ಅಂತ ಬರೆದುಕೊಡುವ ಡಾಕ್ಟರ್ ಯಾರಾದರೂ ಗೊತ್ತುಂಟಾ?"

ಕಳೆದ ವಾರ ಅಕ್ಕನ ಮಗಳು ಸ್ವಾತಿ ಫೋನ್ ಮಾಡಿ ಕೇಳಿದ್ದು ಇದು. ಅವಳಿಗೆ ಜ್ವರ ಬಂದಿರಲಿಲ್ಲ. ಬರುವ ಲಕ್ಷಣವೂ ಇರಲಿಲ್ಲ. ಉಡುಪಿಯ ಒಂದು ಕಾಲೇಜಿನಲ್ಲಿ ಡಿಗ್ರಿ ಓದುತ್ತಾಳೆ. ಹಾಜರಿ ಕಡಿಮೆ ಇರುವವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದರು. ಅದರಲ್ಲಿ ಇವಳ ಹೆಸರಿನ ಮುಂದೆ ಕೆಮಿಸ್ಟ್ರಿ 70% ಎಂದಿತ್ತು. ಬೇಕಾದದ್ದು 75. ಹಾಲ್ ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ, ಒಂದು ವರ್ಷ ಹಾಳು.

ಜ್ವರದ ಐಡಿಯಾ ಕಾಲೇಜಿನ ಆಫೀಸಿನವರದ್ದೇ. "ಒಂದು ಮೆಡಿಕಲ್ ಸರ್ಟಿಫಿಕೇಟ್ ತನ್ನಿ, ಅಡ್ಜಸ್ಟ್ ಮಾಡುವ" ಎಂದರಂತೆ.

"ಎಷ್ಟು ಕ್ಲಾಸ್ ತಪ್ಪಿಸಿದ್ದಿ?" ಎಂದು ಕೇಳಿದೆ.

"ಥಿಯರಿ ಅರುವತ್ತರಲ್ಲಿ ಹನ್ನೆರಡು. ಲ್ಯಾಬ್ ಇಪ್ಪತ್ತರಲ್ಲಿ ಎಂಟು."

(ಲ್ಯಾಬ್ ಶುರುವಾಗುವುದು ಬೆಳಿಗ್ಗೆ ಎಂಟಕ್ಕೆ. ಪೆರ್ಡೂರು ಕಡೆಯಿಂದ ಆ ಹೊತ್ತಿಗೆ ಬರುವ ಬಸ್ಸಿನ ಬಾಗಿಲಲ್ಲೂ ಜನ ನೇತಾಡುತ್ತಿರುತ್ತಾರೆ. ಇವಳ ಸ್ಟಾಪಿನಲ್ಲಿ ಎಷ್ಟೋ ದಿನ ಅದು ನಿಲ್ಲುವುದೇ ಇಲ್ಲ.)

ನೀವೂ ನನ್ನ ಜೊತೆ ಲೆಕ್ಕ ಹಾಕಿ. ಪೆನ್ನು ಬೇಡ, ಫೋನೂ ಬೇಡ. ಥಿಯರಿ, ಲ್ಯಾಬ್ ಸೇರಿಸಿ ಒಟ್ಟು ಕ್ಲಾಸಿನ 75% ಎಂದು ಕಾಲೇಜಿನ ನಿಯಮದಲ್ಲೇ ಉಂಟು. 75% ಎಂದರೆ ಮುಕ್ಕಾಲು. ಅಂದರೆ ನಾಲ್ಕರಲ್ಲಿ ಒಂದು ತಪ್ಪಿಸಬಹುದು. ತಪ್ಪಿಸಿದ್ದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಕ್ಲಾಸಿಗಿಂತ ಹೆಚ್ಚಾಗದಿದ್ದರೆ ಬಚಾವ್. ಸ್ವಾತಿ ತಪ್ಪಿಸಿದ್ದು ಇಪ್ಪತ್ತು. ಇಪ್ಪತ್ತು ನಾಲ್ಕಲ ಎಂಬತ್ತು. ಒಟ್ಟು ಕ್ಲಾಸೂ ಎಂಬತ್ತು. ಸರಿಯಾಗಿ 75!

ಮತ್ತೆ 70 ಎಲ್ಲಿಂದ ಬಂತು? ಥಿಯರಿಯಲ್ಲಿ 80%, ಲ್ಯಾಬಿನಲ್ಲಿ 60%. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದಾರೆ! ಅರುವತ್ತು ಕ್ಲಾಸಿಗೂ ಇಪ್ಪತ್ತು ಕ್ಲಾಸಿಗೂ ಒಂದೇ ತೂಕ. ಹೈಸ್ಕೂಲಿನಲ್ಲಿ ಇದೇ ತಪ್ಪು ಮಾಡಿದರೆ ಸೊನ್ನೆ ಕೊಡುತ್ತಾರೆ.

ಇಷ್ಟಕ್ಕೆ ನನಗೆ ಅರ್ಧ ಸಿಟ್ಟು ಏರಿತ್ತು. ಉಳಿದರ್ಧ ಏರಿಸಿದ್ದು ಸ್ವಾತಿ.

"ನಿನಗೆ ಇದು ಗೊತ್ತಾಗಲಿಲ್ವಾ?"

"ಗೊತ್ತಾಯ್ತು ಮಾಮ. ನೋಟಿಸ್ ಬೋರ್ಡ್ ಎದುರೇ ಲೆಕ್ಕ ಹಾಕಿದೆ. ಆದರೆ ಸಿಸ್ಟಮ್ ಹಾಗೆ ತೋರಿಸ್ತಾ ಉಂಟು ಅಂತ ಹೇಳಿದರು. ಮತ್ತೆ ನಾನು ಎಂತ ಹೇಳುವುದು?"

ಈ ಹುಡುಗಿ ಭಾನುವಾರ ಮಣಿಪಾಲಕ್ಕೆ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಹೋಗುತ್ತಾಳೆ. ಹನ್ನೆರಡೂವರೆ ಪರ್ಸೆಂಟ್ ಎಂದರೆ ಎಂಟನೇ ಒಂದು ಭಾಗ. 25ರ 16% ಕೇಳಿದರೆ ತಿರುಗಿಸಿ 16ರ 25% ಮಾಡು, ಉತ್ತರ ನಾಲ್ಕು. ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಾಳೆ. ಇಷ್ಟೆಲ್ಲ ಶಾರ್ಟ್‌ಕಟ್ ಯಾಕೆ ಸ್ವಾಮಿ ಕಲಿಸುವುದು? ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಟಿಕ್ ಹಾಕಲಿಕ್ಕಾ? ತನ್ನ ಒಂದು ವರ್ಷವೇ ಕೈಬಿಟ್ಟು ಹೋಗುವಾಗ "ನಿಮ್ಮ ಲೆಕ್ಕ ತಪ್ಪು" ಎನ್ನಲು ಧೈರ್ಯ ಕೊಡದ ಗಣಿತ ಯಾರಿಗೆ ಬೇಕು?

ನಮ್ಮ ಕಡೆ ಮದುವೆಗೂ ಜಗಳಕ್ಕೂ ಸೋದರಮಾವನನ್ನು ಮೊದಲು ಕರೆಯುತ್ತಾರೆ. ನನ್ನನ್ನು ಯಾರೂ ಕರೆಯದಿದ್ದರೂ ಮರುದಿನ ಕಾಲೇಜಿಗೆ ಹೋದೆ. ಸ್ವಾತಿಯನ್ನೇ ಮುಂದೆ ನಿಲ್ಲಿಸಿ ಲೆಕ್ಕ ಹೇಳಿಸಿದೆ. ಗುಮಾಸ್ತರು ಕಂಪ್ಯೂಟರ್ ನೋಡಿದರು. ಕ್ಯಾಲ್ಕುಲೇಟರ್ ತೆಗೆದು ಒತ್ತಿದರು. ನಂಬಿಕೆ ಬಾರದೆ ಮತ್ತೆ ಒತ್ತಿದರು.

"ಹೌದಲ್ವಾ ಮಾರಾಯ್ರೆ!"

ಹಾಲ್ ಟಿಕೆಟ್ ಬಂತು. ತಪ್ಪಾಯ್ತು ಎಂಬ ಒಂದು ಮಾತಿಲ್ಲ. ಮೇಲಿಂದ ಬುದ್ಧಿಮಾತು ಬೇರೆ: "ಸರ್ಟಿಫಿಕೇಟ್ ಕೊಟ್ಟಿದ್ದರೆ ನಿಮಗೆ ಇಲ್ಲಿಯವರೆಗೆ ಬರುವ ಕಷ್ಟ ಇರಲಿಲ್ಲ ಸರ್." ಸುಳ್ಳು ಜ್ವರವನ್ನು ಕಣ್ಣು ಮುಚ್ಚಿ ನಂಬುವ ಆಫೀಸಿಗೆ ಸರಿಯಾದ ಗುಣಾಕಾರವನ್ನು ನಂಬಲು ಇಷ್ಟು ಕಷ್ಟ!

"ಪಟ್ಟಿಯಲ್ಲಿರುವ ಬಾಕಿಯವರದ್ದು? ಅದೂ ಇದೇ ಲೆಕ್ಕ ಅಲ್ವಾ?" ಎಂದೆ.

"ಅವರೆಲ್ಲ ಸರ್ಟಿಫಿಕೇಟ್ ಕೊಟ್ಟಾಯ್ತು. ಒಬ್ಬಳು ಹುಡುಗಿ ಮಾತ್ರ ಕೊಡಲಿಲ್ಲ. ಜ್ವರವೇ ಬರಲಿಲ್ಲ, ಹೇಗೆ ತರುವುದು ಅಂತ ಕೇಳ್ತಾಳೆ."

"ಹಾಗಾದರೆ ಅವಳ ಲೆಕ್ಕವನ್ನೂ ಈಗಲೇ ಸರಿಮಾಡಿ" ಎಂದು ಟೇಬಲ್ ಕುಟ್ಟಿದೆ.

ಗುಮಾಸ್ತರು ಕ್ಯಾಲ್ಕುಲೇಟರನ್ನು ಡ್ರಾಯರಿಗೆ ಹಾಕಿದರು. "ಅವಳ ಕಡೆಯಿಂದ ಯಾರಾದರೂ ಬರಲಿ ಸರ್, ನೋಡುವ."

ನಿಜ ಹೇಳಿದ ಆ ಹುಡುಗಿಗೆ ಸೋದರಮಾವ ಯಾರು?